ಮಾವನ ಗಾಳಕ್ಕೊಂದು ಚೀಲ

ಮದುವೆಯಾಗಿ ಬಂದ ಮನೆಯಲ್ಲಿ ನಾನು ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಅವರೂ ನನ್ನನ್ನು ಕರೆದು ಮಾತಾಡುವಂತಿರಲಿಲ್ಲ. ಆ ಕಾಲದ ಮರ್ಯಾದೆ ಅದು. ಹಾಗಂತ ಮಾತಿಗೇನೂ ಬರ ಇರಲಿಲ್ಲ. ಮಾವ ಜಗಲಿಯಲ್ಲಿ ಕೂತು, "ಇನ್ನೊಂದ್ ಲೋಟ ಕಾಫಿ ಇದ್ದಿದ್ರೆ ಆಗ್ತಿತ್ತು" ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆ ಬಾಗಿಲ ಕಡೆ ಮುಖ ತಿರುಗಿಸಿ ಅದನ್ನೇ ನನಗೆ ಹೇಳುತ್ತಿದ್ದರು. "ಹಾಲು ಮುಗ್ದಿದೆ ಅನ್ನಿ ಅತ್ತೆ" ಎಂದು ನಾನು ಬಾಗಿಲ ಹಿಂದಿನಿಂದ ಅನ್ನುತ್ತಿದ್ದೆ. ಮಾವನ ಕಿವಿಗೆ ಅದು ಬಿದ್ದೇ ಇರುತ್ತಿತ್ತು. ಆದರೂ ಅತ್ತೆ ಮತ್ತೊಮ್ಮೆ ಹೇಳುವ ತನಕ ಕೇಳದವರ ಹಾಗೆ ಕೂತಿರುತ್ತಿದ್ದರು.

ನಮ್ಮ ಮನೆ ಇದ್ದದ್ದು ನೆಲ್ಯಹುದಿಕೇರಿಯ ಹತ್ತಿರ, ಬಿಳಿ ದೊರೆಯೊಬ್ಬನ ಕಾಫಿ ಎಸ್ಟೇಟಿನಲ್ಲಿ. ನನ್ನ ಯಜಮಾನರು ಅಲ್ಲಿ ಹಾಜರಿ, ಲೆಕ್ಕ ನೋಡುವ ರೈಟರ್ ಆಗಿದ್ದರು. ಕೂಲಿಯವರ ಸಾಲುಮನೆಗಳ ಲೈನಿನಿಂದ ಸ್ವಲ್ಪ ಮೇಲಕ್ಕೆ ರೈಟರ ಮನೆ, ಇಳಿಜಾರಿನ ತೋಟ ದಾಟಿದರೆ ಕಾವೇರಿ. ಮಾವನಿಗೆ ತೋಟದ ಕೆಲಸ ಏನೂ ಇರಲಿಲ್ಲ. ಅವರ ಕೆಲಸ ಹೊಳೆ. ಬಿದಿರಿನ ಗಾಳದ ಕಡ್ಡಿ ಹಿಡಿದು, ಹೆಗಲಿಗೊಂದು ಚೀಲ ಹಾಕಿ, ಬೆಳಿಗ್ಗೆ ಹೊರಟರೆಂದರೆ ದಡದುದ್ದಕ್ಕೂ ನಡೆದೇ ನಡೆಯುತ್ತಿದ್ದರು. ಒಂದು ಮಡುವಿನ ಮುಂದೆ ಬೀಡುಬಿಟ್ಟು ಕೂರುವ ಜಾಯಮಾನ ಅವರದಲ್ಲ. ಇಲ್ಲೊಮ್ಮೆ ಗಾಳ ಇಳಿಬಿಟ್ಟು ನೋಡುವುದು, ಕಚ್ಚದಿದ್ದರೆ ಮುಂದಿನ ಬಂಡೆ, ಅಲ್ಲೂ ಇಲ್ಲದಿದ್ದರೆ ಆಚೆ ಬಿದಿರು ಮೆಳೆಯ ನೆರಳು. ಮೀನು ತನ್ನ ಹತ್ತಿರ ಬರಲಿ ಎಂದು ಕಾಯುವವನು ಸೋಮಾರಿ ಎಂಬುದು ಅವರ ಖಚಿತ ಅಭಿಪ್ರಾಯ. ದೊರೆಯೂ ಮೀನು ಹಿಡಿಯಲು ಬರುತ್ತಿದ್ದ. ಅವನ ಹಿಂದೆ ಪೆಟ್ಟಿಗೆ ಹೊತ್ತವನೊಬ್ಬ, ಕುರ್ಚಿ ಹೊತ್ತವನೊಬ್ಬ. ಅದನ್ನು ಕಂಡರೆ ಮಾವನಿಗೆ ನಗು.

ಆ ಚೀಲವನ್ನು ತುಂಬುತ್ತಿದ್ದವರು ಅತ್ತೆ. ಮೀನಿಗೆ ಹಿಟ್ಟಿನ ಉಂಡೆ, ಮಾವನಿಗೆ ಬೆಲ್ಲ, ಒಂದು ಚೂರು ಕೊಬ್ಬರಿ. ಎಲ್ಲಿಗೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಗಾಳ ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಮೀನು ಸಿಗುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಮಾವ ಮೆಟ್ಟಿಲಿಳಿಯುವಾಗ, "ಬರ್ತೀನಿ ಕಣೇ" ಎನ್ನುತ್ತಿದ್ದರು. ಅತ್ತೆ, "ಹೂಂ, ಬನ್ನಿ" ಎನ್ನುತ್ತಿದ್ದರು. ಅಷ್ಟೇ ಮಾತು. ಮಧ್ಯಾಹ್ನ ಬಂದಾಗ ಕಾಡುಬಳ್ಳಿಗೆ ಪೋಣಿಸಿದ ಗೆಂಡೆಮೀನು ಕೈಯಲ್ಲಿರುತ್ತಿತ್ತು. ನಾನು ಹೊಳೆಯಿಲ್ಲದ ಶನಿವಾರಸಂತೆ ಕಡೆಯಿಂದ ಬಂದವಳು, ಮುಳ್ಳಿನ ಮೀನು ತಿಂದು ಅಭ್ಯಾಸವಿರಲಿಲ್ಲ. ಮೊದಲ ದಿನವೇ ಗಂಟಲಿಗೆ ಸಿಕ್ಕಿಸಿಕೊಂಡು ಒದ್ದಾಡಿದ್ದೆ. ಅದಾದ ಮೇಲೆ ಊಟಕ್ಕೆ ಕೂತಾಗಲೆಲ್ಲ ಮಾವ, "ಹೊಸ ಹುಡ್ಗಿಗೆ ಮುಳ್ಳಿಲ್ದ ತುಂಡು ನೋಡಿ ಹಾಕು" ಎಂದು ಅತ್ತೆಗೆ ಹೇಳುತ್ತಿದ್ದರು. ನಾನು ಬಂದು ಕೆಲವು ವರ್ಷ ಕಳೆದ ಮೇಲೂ ಆ ಮಾತು ನಿಲ್ಲಲಿಲ್ಲ. ನನ್ನ ತವರಿನಲ್ಲಿ ಯಾರೂ ನನ್ನ ತಟ್ಟೆಯನ್ನು ಅಷ್ಟು ಗಮನಿಸಿದವರಲ್ಲ.

ಒಂದು ಮಳೆಗಾಲದಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡರು.

ನಡುವೆ ನಿಂತು ಮಾತು ದಾಟಿಸುವವರೇ ಇಲ್ಲವಾದರು. ಯಜಮಾನರು ಕತ್ತಲಿರುವಾಗಲೇ ಕೂಲಿಯವರ ಹಾಜರಿಗೆ ಹೋದರೆ ತಿಂಡಿಗೊಮ್ಮೆ ಮುಖ ತೋರಿಸಿ, ಮತ್ತೆ ಬರುವುದು ಸಂಜೆಗೆ. ಮನೆಯಲ್ಲಿ ಉಳಿಯುತ್ತಿದ್ದವರು ಜಗಲಿಯಲ್ಲಿ ಮಾವ, ಒಳಗೆ ನಾನು, ಎರಡರ ನಡುವಿನ ಹೊಸ್ತಿಲ ಮೇಲೆ ಅತ್ತೆ ಸಾಕಿದ ಬೂದು ಬೆಕ್ಕು. ಕೆಲವು ದಿನ ಮನೆ ಮೂಕವಾಗಿತ್ತು. ಒಂದು ಬೆಳಿಗ್ಗೆ ಮಾವ ಬೆಕ್ಕಿನ ಕಡೆ ನೋಡಿ, "ಬಚ್ಚಲೊಲೆ ಹೊಗೆ ಆಡ್ತಾ ಉಂಟು, ನೋಡು" ಎಂದರು. ನಾನು ಒಳಗಿನಿಂದ, "ಸೌದೆ ಹಸಿ ಅಂತ ಹೇಳು ಬೆಕ್ಕೇ" ಎಂದೆ. ಬೆಕ್ಕು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ಕಣ್ಣು ಮುಚ್ಚಿತು. ಅವತ್ತಿನಿಂದ ಆ ಬೆಕ್ಕೇ ನಮ್ಮ ಮನೆಯ ದುಭಾಷಿ.

ಆದರೆ ಮಾವ ಬೆಕ್ಕಿಗೆ ಹೇಳುವ ಮಾತು ದಿನೇದಿನೇ ಕಡಿಮೆಯಾಯಿತು. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಕೆನ್ನೆ ಒಳಗೆ ಹೋಯಿತು. ಜಗಲಿಯಿಂದೆದ್ದು ಬಚ್ಚಲಿಗೆ ಹೋಗುವಾಗಲೂ, "ಹೋಗ್ತೀನಿ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಲೈನಿನ ಕಡೆ ನಾಲ್ಕು ಹೆಜ್ಜೆ ಹೋಗಿಬರುವಾಗಲೂ ಅದೇ, "ಹೋಗ್ತೀನಿ." ಮನೆಯಿಂದ ಹೊರಡುವವರು ಬಾಯಲ್ಲಿ ತರಬಾರದ ಮಾತು ಅದು. ಮಕ್ಕಳು ಅಂದರೂ ದೊಡ್ಡವರು ಗದರಿಸಿ, ಬರ್ತೀನಿ ಅನ್ನಿಸಿಯೇ ಕಳಿಸುತ್ತಾರೆ. ಇವರನ್ನು ಗದರಿಸುವವರು ಯಾರು? ಈ ಮನುಷ್ಯ ಹೀಗೇ ಕೂತರೆ ಮುಂದಿನ ಮಳೆಗಾಲ ನೋಡುವುದಿಲ್ಲ ಎಂದು ನನಗೆ ಭಯವಾಗಿತ್ತು. ಯಜಮಾನರಿಗೂ ಆಗಿತ್ತು, ಆದರೆ ಅವರು ಅಪ್ಪನ ಮುಂದೆ ಬಾಯಿ ಬಿಡುವವರಲ್ಲ.

ಮಳೆ ಹಿಂದಾಯಿತು. ಸುಗ್ಗಿಯ ಹುತ್ತರಿ ಹಬ್ಬ ಕಳೆಯಿತು. ಹೊಳೆಯ ಕೆಂಪು ಇಳಿದು ನೀರು ತಿಳಿಯಾಯಿತು. ನಾನು ಬೆಕ್ಕಿಗೆ ಊಟ ಹಾಕುತ್ತಾ, ಜಗಲಿಗೆ ಕೇಳುವಂತೆ, "ನಿಂಗೆ ಬರೀ ಮಜ್ಜಿಗೆ ಅನ್ನವೇ ಗತಿ ಬೆಕ್ಕೇ. ಹೊಳೆ ತಿಳಿಯಾಗಿದೆಯಂತೆ. ಆದ್ರೆ ನಮ್ಮನೇಲಿ ಮೀನು ತರೋವ್ರು ಯಾರಿದ್ದಾರೆ?" ಎಂದೆ. ಮೂರ್ನಾಲ್ಕು ದಿನ ಬಿಡದೆ ಅದನ್ನೇ ಹಾಡಿದೆ. ಕೊನೆಗೆ ಮಾವ ಎದ್ದು, ಗೋಡೆಯ ಗೂಟದಲ್ಲಿ ಆರು ತಿಂಗಳಿಂದ ನೇತಾಡುತ್ತಿದ್ದ ಚೀಲ ತೆಗೆದರು. ತೆಗೆದದ್ದೇ ತಡ, ತಳ ಕಳಚಿಕೊಂಡು ಕೊಕ್ಕೆ, ಸೀಸದ ಗುಂಡು, ಹುರಿಯ ಉಂಡೆ ಎಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ. ಹಳೆಯ ಹಿಟ್ಟಿನ ವಾಸನೆಗೆ ಇಲಿ ಬಂದು ಇಡೀ ತಳವನ್ನೇ ಕಡಿದು ಹಾಕಿತ್ತು. ಇಲಿ ಹಿಡಿಯಬೇಕಾದ ಬೆಕ್ಕು ಪಕ್ಕದಲ್ಲೇ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಮಾವ ಅದಕ್ಕೆ ಬಯ್ಯಲೂ ಇಲ್ಲ. "ಇದೂ ಮುಗೀತು" ಎಂದು ಹೇಳಿ ಮತ್ತೆ ಕೂತುಬಿಟ್ಟರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಚೀಲಕ್ಕಾಗಿ ಒಬ್ಬ ಮನುಷ್ಯನನ್ನು ಬಿಟ್ಟುಕೊಡುವುದೇ? ಅವತ್ತೇ ಯಜಮಾನರ ಹಳೆ ಖಾಕಿ ಕೋಟು ಬಿಚ್ಚಿ ಹೊಲಿಯಲು ಕೂತೆ. ಹೊಲಿಗೆಯಲ್ಲಿ ನನ್ನ ಕೈ ಚೆನ್ನಾಗಿತ್ತು, ಜಂಬವೂ ಇತ್ತು. ಕೊಕ್ಕೆಗೆ ಒಂದು ಜೇಬು, ಸೀಸದ ಗುಂಡಿಗೆ ಒಂದು, ಹುರಿಗೆ ಒಂದು, ತೇಲುವ ಬೆಂಡಿಗೆ ಒಂದು, ಚಾಕುವಿಗೆ ಒಂದು, ಬುತ್ತಿಗೆ ಒಂದು, ಕೊಡೆ ಸಿಕ್ಕಿಸಲು ಪಕ್ಕದಲ್ಲೊಂದು ಪಟ್ಟಿ. ಹೊಲಿದು ಮುಗಿಸಿ ಬೆಕ್ಕಿನ ಪಕ್ಕ ಇಟ್ಟು ಬಂದೆ.

ಜೇಬು ಖಾಲಿ ಇದ್ದರೆ ಹೊಲಿದವಳಿಗೆ ಬೇಜಾರಾದೀತೆಂದೋ ಏನೋ, ಮಾವ ಎಲ್ಲವನ್ನೂ ತುಂಬಿದರು. ದೊಡ್ಡ ಕೊಕ್ಕೆ, ಸಣ್ಣ ಕೊಕ್ಕೆ, ಬೇಕಾಗಬಹುದಾದ ಹುರಿ, ಬೇಕಾಗದ ಹುರಿ, ಬಿಳಿಮೀನಿಗೆಂದು ಬೇರೆಯೇ ಒಂದು ಸರಂಜಾಮು. ಹೆಗಲಿಗೇರಿಸಿದಾಗ ಒಂದು ಕಡೆ ವಾಲಿದರು. "ಹೋಗ್ತೀನಿ" ಎಂದು ಬೆಕ್ಕಿಗೆ ಹೇಳಿ ಇಳಿದರು. ಕುಕ್ಕರುಗಾಲಲ್ಲಿ ಕೂತು ನಾನು ಅಡುಗೆಯ ಸೊಪ್ಪು ಬಿಡಿಸಿ ಮುಗಿಸುವಷ್ಟರಲ್ಲಿ ವಾಪಸು ಬಂದರು. ಕೈ ಖಾಲಿ. ಚೀಲವನ್ನು ಜಗಲಿಯಲ್ಲಿ ಧೊಪ್ಪನೆ ಇಳಿಸಿ ಬೆಕ್ಕಿಗೆ ಹೇಳಿದರು: "ಜೇಬು ಜಾಸ್ತಿಯಾದ್ರೆ ಸಾಮಾನು ಜಾಸ್ತಿ. ಸಾಮಾನು ಜಾಸ್ತಿಯಾದ್ರೆ ಕೂರೋದು ಜಾಸ್ತಿ. ಮೊದ್ಲನೇ ಮಡುವಲ್ಲಿ ಇಳ್ಸಿದೆ ನೋಡು, ಮತ್ತೆ ಎತ್ತೋಕೆ ಮನ್ಸೇ ಬರ್ಲಿಲ್ಲ. ಕೂರೋದಕ್ಕೆ ಹೊಳೆವರ್ಗೂ ಯಾಕ್ ಹೋಗ್ಬೇಕು, ಜಗಲಿ ಇಲ್ವಾ?"

ನನಗೆ ಅಳು ಬಂತು, ಸಿಟ್ಟೂ ಬಂತು. ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಆಮೇಲೆ ಯೋಚಿಸಿದಾಗ ಅವರು ಬೆಕ್ಕಿಗೆ ಅಷ್ಟುದ್ದ ಮಾತಾಡಿ ತಿಂಗಳುಗಳೇ ಆಗಿದ್ದವು ಎಂದು ಹೊಳೆಯಿತು. ಹಾಗಾದರೆ ಬೇಡ ಎಂದಿಲ್ಲ, ಈ ಚೀಲ ಬೇಡ ಎಂದಿದ್ದಾರೆ ಅಷ್ಟೇ. "ನಡೆಯೋರಿಗೆ ಎಂಥ ಚೀಲ ಬೇಕಂತೆ ಕೇಳು ಬೆಕ್ಕೇ" ಎಂದೆ. ಜಗಲಿಯಿಂದ ಉತ್ತರ ಬಂತು. ಅದನ್ನು ಕೆಳಗಿಳಿಸುವ ಪ್ರಶ್ನೆಯೇ ಬರಬಾರದಂತೆ. ಒಂದು ಕೈಯಲ್ಲಿ ಕಡ್ಡಿ ಇರುವಾಗ ಇನ್ನೊಂದು ಕೈಯಲ್ಲೇ ತೆಗೆಯಲು ಬರಬೇಕಂತೆ. ಬಗ್ಗಿದರೆ ನೀರಿಗೆ ಜೋತುಬೀಳಬಾರದಂತೆ.

ಎರಡನೆಯದು ಹಗುರವಾಗಿರಲಿ ಎಂದು ಜೇಬಿನ ಗೊಡವೆಯೇ ಬೇಡವೆಂದುಕೊಂಡೆ. ತೆಳು ಮಲ್ಲಿನ ಪಂಚೆಯ ತುಂಡು ಮಡಿಸಿ, ಹೆಗಲಿನಿಂದ ಸೊಂಟಕ್ಕೆ ಬರುವ ಉದ್ದ ಚೀಲ ಹೊಲಿದೆ. ಬಿಳಿ ಬಟ್ಟೆ ಕಂಡರೆ ಮೀನು ಓಡುತ್ತದೆಂದು ಕೇಳಿದ್ದೆ. ಅದಕ್ಕೇ ಅಡಿಕೆ ಸಿಪ್ಪೆ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿ ಇಟ್ಟೆ. ಕಂದು ಬಣ್ಣ ಬಂದೀತೆಂದುಕೊಂಡರೆ ಒಣಗಿದಾಗ ಅದು ಬೇರೆ ಏನೋ ಆಗಿತ್ತು. ಒಳ್ಳೆ ಬಣ್ಣ ಎಂದೇ ನಾನು ಖುಷಿಪಟ್ಟೆ.

ಮಾರನೆ ಬೆಳಿಗ್ಗೆ ಮಾವ ಅದನ್ನು ಹೆಗಲಿಗೆ ಹಾಕಿ, ಗಾಳದ ಕಡ್ಡಿಯನ್ನು ನೇರ ಹಿಡಿದು ಮೆಟ್ಟಿಲ ಮೇಲೆ ನಿಂತರು. ಗಡ್ಡ ಬೆಳೆದಿತ್ತು. ಅದೇ ಹೊತ್ತಿಗೆ ತಿಂಡಿಗೆಂದು ಬಂದ ಯಜಮಾನರು ಅಂಗಳದಲ್ಲೇ ಗರ ಬಡಿದವರಂತೆ ನಿಂತರು. ಕಾವಿ ಬಣ್ಣದ ಜೋಳಿಗೆ, ಕೈಯಲ್ಲಿ ದಂಡ, ಮುಖದಲ್ಲಿ ಗಡ್ಡ. ಅದೇ ಗಳಿಗೆಯಲ್ಲಿ ಮಾವ, "ಹೋಗ್ತೀನಿ" ಎಂದರು.

"ಅಪ್ಪಾ, ನಮ್ಮನ್ನೆಲ್ಲ ಬಿಟ್ಟು ಎಲ್ಲಿಗ್ ಹೊಂಟೆ?" ಎಂದು ಯಜಮಾನರು ಹೋಗಿ ಕಾಲು ಹಿಡಿದುಕೊಂಡುಬಿಟ್ಟರು. ಅಷ್ಟು ದೊಡ್ಡ ಎಸ್ಟೇಟಿನ ರೈಟರು, ಕೂಲಿಯವರನ್ನು ಗದರಿಸುವ ಗಂಟಲು, ಅಪ್ಪ ಕಾಶಿಗೆ ಹೊರಟರೆಂದುಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಬಾಗಿಲ ಹಿಂದೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನಗುವೋ ಅಳುವೋ ನನಗೇ ಗೊತ್ತಾಗಲಿಲ್ಲ. ಮಾವ ಮಗನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ, "ಎದ್ದೇಳೋ. ಮೀನಿಗ್ ಹೊಂಟಿದ್ದೆ ಮಾರಾಯ. ಎಲ್ಲಿಗೆ ಅಂತ ಕೇಳಿ ಅದನ್ನೂ ಕೆಡ್ಸಿದೆ" ಎಂದರು. ಅವತ್ತಿನ ಹೊಳೆ ಅಲ್ಲಿಗೆ ಮುಗಿಯಿತು. ಜೋಳಿಗೆಯನ್ನು ನಾನು ಒಲೆ ಒರೆಸುವ ಬಟ್ಟೆ ಮಾಡಿಕೊಂಡೆ.

ಅಪ್ಪನ ಕಾಲು ಹಿಡಿದದ್ದಕ್ಕೆ ನಾಚಿಕೆಪಟ್ಟ ಯಜಮಾನರು ಆ ಸಂಜೆ ತಾವೇ ಒಂದು ಚೀಲ ತಂದರು. ಕಾಫಿ ಪಿಕ್ಕಿಂಗ್ ಚೀಲ. ಹಣ್ಣು ಕುಯ್ಯುವ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಮುಂದೆ ಜೋತಾಡುತ್ತದೆ, ಎರಡು ಕೈಯೂ ಖಾಲಿ, ಬಾಯಿ ಸದಾ ತೆರೆದಿರುತ್ತದೆ. ನನಗೂ ಇದೇ ಸರಿ ಎನ್ನಿಸಿತು. ಇಷ್ಟು ಹತ್ತಿರ ಇದ್ದದ್ದು ನಮಗೆ ಯಾಕೆ ಹೊಳೆಯಲಿಲ್ಲವೋ ಎಂದು ಮಾವನೂ ಬೆಕ್ಕಿಗೆ ಹೇಳಿದರು. ಮಾರನೆ ದಿನ ಹೋದವರು ಮಧ್ಯಾಹ್ನ ಬರುವಾಗ ಅಂಗಳದಿಂದಲೇ ನಗುತ್ತಾ ಬಂದರು. ಅತ್ತೆ ಹೋದ ಮೇಲೆ ಆ ನಗು ನಾನು ಕೇಳಿದ್ದು ಅದೇ ಮೊದಲು. ಕೈಯಲ್ಲಿದ್ದ ಮಜ್ಜಿಗೆ ಪಾತ್ರೆ ಹಾಗೇ ಹಿಡಿದು ಬಾಗಿಲ ಹಿಂದೆ ಬಂದು ನಿಂತೆ.

"ಕೇಳು ಬೆಕ್ಕೇ" ಎಂದು ಶುರುಮಾಡಿದರು. "ನಾನು ಬಂಡೆಯಿಂದ ಬಂಡೆಗೆ ಹೋಗ್ತಾ ಇದ್ದೆ. ಹೊಸದಾಗಿ ಬಂದ ವಾಚ್‌ಮನ್ ಒಬ್ಬ, ಮಲೆಯಾಳದ ಕಡೆಯವ್ನು, ಪೊದೆಯಿಂದ ಹಾರಿ ಬಂದು ಕತ್ತಿನ ಪಟ್ಟಿ ಹಿಡಿದ. 'ಎಂದಾ ಇದು? ಚೀಲದಲ್ಲಿ ಏನುಂಟು?' ಅಂದ. ಏನೂ ಇಲ್ಲ ಮಾರಾಯ, ಗಾಳದ ಸಾಮಾನು ಅಂದೆ. ಕೈ ಹಾಕಿದ. ಹೊಲಿಗೆ ಸಂದೀಲಿ ಎರಡು ಕಾಫಿ ಹಣ್ಣು ಸಿಕ್ಕಿಬಿಡೋದಾ! ಪಿಕ್ಕಿಂಗ್ ಕಾಲ, ಪಿಕ್ಕಿಂಗ್ ಚೀಲ, ಹೊಳೆ ಬದಿಲಿ ಕದ್ದು ಹೋಗೋ ಮುದುಕ. ಇನ್ನೇನು ಬೇಕು ಅವ್ನಿಗೆ? ರೈಟರ್ ಹತ್ರ ನಡಿ ಅಂದ. ಕಣದಲ್ಲಿ ರೈಟರು ಕಾಫಿ ಅಳೀತಾ ಕೂತಿದ್ರು. ಕಳ್ಳ ಸಿಕ್ಕಿದ ಸ್ವಾಮೀ ಅಂತ ನನ್ನನ್ನ ಅವ್ರ ಮುಂದೆ ನಿಲ್ಸಿದ. ರೈಟರ ಮುಖ ನೋಡ್ಬೇಕಿತ್ತು ನೀನು! ನಾನೂ ಬಿಡ್ಲಿಲ್ಲ. ಶಿಕ್ಷೆ ಏನು ಬುದ್ಧೀ ಅಂತ ಕೈ ಮುಗ್ದೆ. ಹೆಂಗಸ್ರೆಲ್ಲ ನಕ್ಕು ನಕ್ಕು ಚೀಲ ಕೆಳಗಿಟ್ರು."

ಹೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ಬಾಗಿಲ ಹಿಂದೆ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಮಾವನ ಎದುರು ನಗುವುದು ಅತ್ತೆ ಇದ್ದಿದ್ದರೆ ಆಗುತ್ತಿರಲಿಲ್ಲ. ಮಾವನಿಗೆ ಅದು ಕೇಳಿಸಿತು. ಅವತ್ತು ತಟ್ಟೆಯಲ್ಲಿ ಅನ್ನ ಉಳಿಯಲಿಲ್ಲ. ಪಿಕ್ಕಿಂಗ್ ಚೀಲವನ್ನು ಮಾತ್ರ ಯಜಮಾನರು ಮಾತಿಲ್ಲದೆ ಉಗ್ರಾಣಕ್ಕೆ ವಾಪಸು ಒಯ್ದರು.

ಅದಾಗಿ ಎರಡು ದಿನ ಚೀಲದ ಸುದ್ದಿ ಯಾರೂ ಎತ್ತಲಿಲ್ಲ. ಮತ್ತೆ ಮೊದಲಿನಂತಾಗುತ್ತದೋ ಏನೋ ಎಂದು ನನಗೆ ಒಳಗೊಳಗೇ ಆತಂಕ. ಮೂರನೆಯ ದಿನ ನಾನು ಅಕ್ಕಿ ಆರಿಸುತ್ತಿದ್ದೆ. ಮಾವ ಬೆಕ್ಕನ್ನು ತೊಡೆಯ ಮೇಲೆ ಎತ್ತಿಕೊಂಡು ಮೆಲ್ಲಗೆ, "ನಿನ್ನ ಯಜಮಾನಿ ಸಂಚಿ ಎಲ್ಲಿದ್ಯೋ, ಯಾರಾದ್ರೂ ನೋಡಿದಾರಾ?" ಎಂದು ಕೇಳಿದರು.

ನನ್ನ ಕೈ ನಿಂತಿತು. ಅತ್ತೆಯ ಎಲೆ ಅಡಿಕೆ ಸಂಚಿ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಕೆಂಪು ಅಂಚಿನ, ಹಲವು ಪದರದ, ದಾರ ಎಳೆದರೆ ಬಾಯಿ ಮುಚ್ಚುವ ಪುಟ್ಟ ಸಂಚಿ. ಅತ್ತೆಯ ಸೊಂಟದಲ್ಲಿ ಅದು ಇಲ್ಲದ ದಿನವನ್ನು ನಾನು ನೋಡಿರಲಿಲ್ಲ. ಅದು ಕಣ್ಣಿಗೆ ಬಿದ್ದರೆ ಮಾವ ಇನ್ನಷ್ಟು ಕುಗ್ಗುತ್ತಾರೆಂದು ತಿಥಿಯ ದಿನವೇ ಎತ್ತಿ ಸೀರೆಗಳ ಕೆಳಗೆ ಇಟ್ಟಿದ್ದೆ. ನಾನೂ ಮತ್ತೆ ತೆಗೆದಿರಲಿಲ್ಲ. ನನಗೂ ಧೈರ್ಯ ಇರಲಿಲ್ಲ, ಅಷ್ಟೇ. ತಂದು ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿದೆ.

ಮಾವ ದಾರ ಸಡಿಲಿಸಿದರು. ಹೊಗೆಸೊಪ್ಪು, ಲವಂಗ, ಒಣಗಿದ ಎಲೆಯ ವಾಸನೆ ನನ್ನ ತನಕ ಬಂತು. ಅತ್ತೆಯೇ ಬಾಗಿಲಲ್ಲಿ ಹಾದುಹೋದಂತಾಯಿತು. ಮಾವ ಅಳಲಿಲ್ಲ. ತಳದಲ್ಲಿ ಉಳಿದಿದ್ದ ಒಂದು ಅಡಿಕೆ ಚೂರನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಅಗಿಯುತ್ತಾ, ಖಾಕಿ ಚೀಲದಲ್ಲಿದ್ದ ಸಾಮಾನನ್ನೆಲ್ಲ ಜಗಲಿಯ ಮೇಲೆ ಸುರಿದು ಆರಿಸತೊಡಗಿದರು. ಸುಣ್ಣದ ಹಿತ್ತಾಳೆ ಡಬ್ಬಿಯನ್ನು ತೊಳೆದು ಒರೆಸಿ ಅದರೊಳಗೆ ಕೊಕ್ಕೆ. ಅಡಿಕೆ ಇಡುವ ಪದರದಲ್ಲಿ ಸೀಸದ ಗುಂಡು. ಎಲೆಯ ಪದರದಲ್ಲಿ ಸುತ್ತಿದ ಹುರಿ. ಹೊಗೆಸೊಪ್ಪಿನ ಜಾಗದಲ್ಲಿ ಬೆಂಡು. ಸಂಚಿ ತುಂಬಿತು. ಹೊರಗೆ ಉಳಿದ ರಾಶಿಯನ್ನು ನೋಡಿ, "ಇಷ್ಟೆಲ್ಲ ಯಾತಕ್ಕೆ ಹೊತ್ತೆ ನಾನು?" ಎಂದು ಕೇಳಿಕೊಂಡರು.

"ಹಿಟ್ಟಿನ ಉಂಡೆಗೆ ಜಾಗ ಉಂಟಾ ಕೇಳು ಬೆಕ್ಕೇ" ಎಂದೆ.

"ಹೊರಗಿನ ಪದರ ಖಾಲಿ ಉಂಟು ಅಂತ ಹೇಳು" ಎಂದರು.

ಮಾರನೆ ಬೆಳಿಗ್ಗೆ ನಾನು ಬೇಗ ಎದ್ದು ರಾಗಿಹಿಟ್ಟು ಬೇಯಿಸಿ, ಅತ್ತೆ ಮಾಡುತ್ತಿದ್ದ ಹಾಗೆ ಚಿಟಿಕೆ ಬೆಲ್ಲ ಸೇರಿಸಿ, ಉಂಡೆ ಕಟ್ಟಿ ಬಾಳೆಎಲೆಯಲ್ಲಿ ಸುತ್ತಿ ಹೊಸ್ತಿಲ ಮೇಲೆ ಇಟ್ಟೆ. ಪಕ್ಕದಲ್ಲೇ ಒಂದು ಚೂರು ಕೊಬ್ಬರಿ. ಮಾವ ಗಡ್ಡ ತೆಗೆಸಿಕೊಂಡಿದ್ದರು. ಸಂಚಿಯನ್ನು ಸೊಂಟಕ್ಕೆ ಕಟ್ಟಿ, ಮೇಲೆ ಅಂಗಿ ಇಳಿಬಿಟ್ಟರು. ಹೊರಗಿನಿಂದ ನೋಡಿದರೆ ಏನೂ ಹೊತ್ತ ಹಾಗಿರಲಿಲ್ಲ. ಎಡಗೈಯಲ್ಲಿ ಕಡ್ಡಿ ಹಿಡಿದು ಬಲಗೈ ಒಂದರಲ್ಲೇ ದಾರ ಎಳೆದು, ತೆಗೆದು, ಮುಚ್ಚಿ ನೋಡಿದರು. ಬಗ್ಗಿ ಎದ್ದರು. ಸಂಚಿ ಅಲುಗಲಿಲ್ಲ. ಮುಖದಲ್ಲಿ ಏನೋ ಒಂದು ನೆಮ್ಮದಿ ಬಂತು.

ಮೆಟ್ಟಿಲಿಳಿದು ಅಂಗಳದ ಅಂಚಿಗೆ ಹೋದವರು ನಿಂತರು. ಈಗ ಆ ಹಾಳು ಮಾತು ಹೇಳುತ್ತಾರೆಂದು ನಾನು ಕಿವಿ ಗಟ್ಟಿ ಮಾಡಿಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಅವರು ತಿರುಗಿದರು. ಬೆಕ್ಕು ಇರುತ್ತಿದ್ದ ಹೊಸ್ತಿಲ ಕಡೆ ನೋಡಿದರು. ಮೀನಿನ ಆಸೆಗೋ ಏನೋ ಅದು ಆಗಲೇ ಅವರಿಗಿಂತ ಮುಂದೆ ಹೊಳೆಯ ದಾರಿ ಹಿಡಿದಿತ್ತು. ಹೊಸ್ತಿಲು ಖಾಲಿ. ಅವರ ಕಣ್ಣು ಹೊಸ್ತಿಲಿನಿಂದ ಬಾಗಿಲಿಗೆ, ಬಾಗಿಲ ಸಂದಿನಲ್ಲಿ ಕಾಣುತ್ತಿದ್ದ ನನ್ನ ಸೆರಗಿಗೆ ಬಂತು.

"ಬರ್ತೀನಿ ಮಗ" ಎಂದರು.

ನನಗೆ ಹೇಳಿದ್ದು. ಆ ಮನೆಗೆ ಬಂದಂದಿನಿಂದ ಅವರು ನನಗೇ ಎಂದು ಹೇಳಿದ ಮೊದಲ ಮಾತು. ಮರ್ಯಾದೆ, ಬಾಗಿಲು, ಸೆರಗು ಯಾವುದೂ ನೆನಪಾಗಲಿಲ್ಲ. ನಾನು ಹೊರಗೆ ಬಂದು ಜಗಲಿಯ ಬೆಳಕಿನಲ್ಲಿ ನಿಂತೆ.

"ಹೂಂ, ಬನ್ನಿ ಮಾವ" ಎಂದೆ.

ಅವರು ತಲೆಯಾಡಿಸಿ ತೋಟದ ದಾರಿಯಲ್ಲಿ ಇಳಿದು ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.